ಮನೆಬಾಗಿಲ ಜನರೇಟರು: ಹೂಡುವ ಬಗೆ, ಪರೀಕ್ಷಿಸುವ ಬಗೆ



ಈ ದಿನ ಬೆಳೆಯ ಮಾತನ್ನು ಸ್ವಲ್ಪ ಬದಿಗಿಟ್ಟು ಯಂತ್ರದ ಮಾತು ಆಡೋಣ. ಕರೆಂಟು ಹೋದಾಗ ಮನೆಯ ದೀಪಕ್ಕೆ, ಫ್ಯಾನಿಗೆ, ತೊಟ್ಟಿಗೆ ನೀರೆತ್ತುವ ಸಣ್ಣ ಮೋಟಾರಿಗೆ ಶಕ್ತಿ ಕೊಡತಕ್ಕ, ಇಬ್ಬರು ಹಿಡಿದು ಎತ್ತಿಡಬಹುದಾದ ಪೆಟ್ರೋಲ್ ಜನರೇಟರನ್ನು ತಾವೆಲ್ಲ ನೋಡಿದ್ದೀರಿ. ನಂಜನಗೂಡು, ತಿರುಮಕೂಡಲು ನರಸೀಪುರದ ಜಾತ್ರೆಗಳಲ್ಲಿ ಅಂಗಡಿ ಸಾಲಿನ ಹಿಂದೆ ಗುರುಗುಟ್ಟುತ್ತಿರುತ್ತದಲ್ಲ, ಅದೇ. ಈಗ ಹಸು ಕಟ್ಟಿದವರು, ಕೋಳಿಮರಿ ಸಾಕುವವರು, ರೇಷ್ಮೆಹುಳು ಮೇಯಿಸುವವರು ಮನೆಗೂ ಒಂದಿರಲಿ ಎಂದು ಯೋಚಿಸುತ್ತಾರೆ. ಕೊಳ್ಳುವುದೇನೋ ಸುಲಭ. ಅಂಗಡಿಯವರು ಹಗ್ಗ ಎಳೆದು ಒಂದು ಬಲ್ಬು ಉರಿಸಿ ತೋರಿಸಿದರೆ ವ್ಯಾಪಾರ ಮುಗಿಯಿತು. ಆದರೆ ಮನೆಗೆ ತಂದ ಮೇಲೆ ಅದನ್ನು ಎಲ್ಲಿಡಬೇಕು, ಮನೆಯ ವೈರಿಗೆ ಹೇಗೆ ಸೇರಿಸಬೇಕು, ಬೇಕಾದ ರಾತ್ರಿ ಅದು ನಿಜವಾಗಿ ಓಡೀತೇ ಎಂಬುದನ್ನು ಮೊದಲೇ ಹೇಗೆ ನೋಡಿಕೊಳ್ಳಬೇಕು, ಇದೇ ಇಂದಿನ ವಿಚಾರ. ಇದರಲ್ಲಿ ಎಡವಿದರೆ ಕೆಡುವುದು ಯಂತ್ರ ಮಾತ್ರವಲ್ಲ. ಒಳಗೆ ಮಲಗಿದ ಮಕ್ಕಳ ಪ್ರಾಣ ಹೋದೀತು, ಹೊರಗೆ ಕಂಬ ಹತ್ತಿದ ಲೈನ್‌ಮನ್‌ನ ಪ್ರಾಣವೂ ಹೋದೀತು.

ನಮ್ಮ ಸೀಮೆಗೆ ಈ ಯಂತ್ರದ ನೆನಪು ಬರುವುದು ಮಳೆಗಾಲದಲ್ಲಿ. 2018ರ ಆಗಸ್ಟ್‌ನಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕಪಿಲೆ ಹೇಗೆ ಏರಿ ಬಂದಳೆಂಬುದು ನಿಮಗೆ ಜ್ಞಾಪಕವಿದೆ. ನಂಜನಗೂಡಿನ ಸ್ನಾನಘಟ್ಟ, ಹದಿನಾರು ಕಾಲಿನ ಮಂಟಪ ಮುಳುಗಿದವು. ಮಲ್ಲನಮೂಲೆಯ ಬಳಿ ರಸ್ತೆಯ ಮೇಲೆ ನೀರು ಹರಿದು ಮೈಸೂರಿನ ದಾರಿ ಕಟ್ಟಿತು. ಅಂಥ ಹೊತ್ತಿನಲ್ಲಿ ನೀರು ಟ್ರಾನ್ಸ್‌ಫಾರ್ಮರ್ ಹತ್ತಿರ ಬಂತೆಂದರೆ ಕರೆಂಟನ್ನು ಬೇಕೆಂದೇ ನಿಲ್ಲಿಸುತ್ತಾರೆ. ಅದು ಸರಿಯಾದ ಕೆಲಸವೇ. ಗಾಳಿಮಳೆಗೆ ಮರ ಬಿದ್ದು ತಂತಿ ತುಂಡಾದರೂ ಅಷ್ಟೇ, ಒಂದು ರಾತ್ರಿ, ಎರಡು ರಾತ್ರಿ ಕತ್ತಲೆ. ಆ ರಾತ್ರಿಯಲ್ಲಿ, ಮಳೆಯಲ್ಲಿ, ಗಾಬರಿಯಲ್ಲಿ ಮೊದಲ ಸಲ ಜನರೇಟರಿನ ಹಗ್ಗ ಎಳೆಯುವವರೇ ಹೆಚ್ಚು. ಬೇಡ. ಆ ಕೆಲಸವನ್ನು ಬಿಸಿಲಿರುವ ಒಂದು ಭಾನುವಾರ ಮಾಡಿಟ್ಟುಕೊಳ್ಳಿ.

ಮೊದಲು, ಇದೇನು ಯಂತ್ರ ಎಂಬುದು ತಿಳಿದಿರಲಿ. ತಿರುಮಕೂಡಲಿನಲ್ಲಿ ಕಾವೇರಿ ಕಪಿಲೆ ಎರಡೂ ಕೂಡಿ ಹರಿದ ನೀರೇ ಮುಂದೆ ಶಿವನಸಮುದ್ರದಲ್ಲಿ ಧುಮುಕುತ್ತದೆ. ಅಲ್ಲಿ ಆ ನೀರಿನ ರಭಸದಿಂದ ಚಕ್ರ ತಿರುಗಿಸಿ, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುಚ್ಛಕ್ತಿ ಕಳುಹಿಸಿದರು. ನಿಮ್ಮ ಜನರೇಟರಿನಲ್ಲೂ ನಡೆಯುವುದು ಅದೇ. ಅಯಸ್ಕಾಂತ ಮತ್ತು ತಾಮ್ರದ ಸುರುಳಿ, ಒಂದರೊಳಗೆ ಒಂದು ತಿರುಗುತ್ತದೆ. ಅಲ್ಲಿ ತಿರುಗಿಸುವುದು ನೀರು, ಇಲ್ಲಿ ಪೆಟ್ರೋಲ್. ಸಾಮಾನ್ಯ ಮಾದರಿಯ ಯಂತ್ರ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ನಮಗೆ ಬೇಕಾದ 50 ಆವರ್ತದ, 230 ವೋಲ್ಟ್ ಕರೆಂಟು ಹುಟ್ಟುತ್ತದೆ. ವೇಗ ತಗ್ಗಿದರೆ ಆವರ್ತ ತಗ್ಗುತ್ತದೆ, ವೋಲ್ಟೂ ತಗ್ಗೀತು. ಆದಕಾರಣ ವೇಗ ಹಿಡಿದಿಡುವ ತಿರುಪನ್ನು ನಾವು ಮುಟ್ಟತಕ್ಕದ್ದಲ್ಲ. ಇದು ಆಟದ ಸಾಮಾನಲ್ಲ, ಮನೆಬಾಗಿಲಿಗೆ ಬಂದ ಒಂದು ಪುಟ್ಟ ಶಿವನಸಮುದ್ರ ಎಂದು ತಿಳಿಯಿರಿ.

ಇನ್ನು ಎಷ್ಟು ದೊಡ್ಡದು ಬೇಕು? ಇಲ್ಲಿ ಅನೇಕರು ಮೋಸ ಹೋಗುವುದುಂಟು. ಯಂತ್ರದ ಮೇಲೆ ಎರಡು ಅಂಕಿ ಇರುತ್ತವೆ: ಒಂದು ಗರಿಷ್ಠ, ಅಂದರೆ ಕ್ಷಣಮಾತ್ರ ತಡೆಯುವ ಭಾರ, ಇನ್ನೊಂದು ಸತತವಾಗಿ ಹೊರುವ ಭಾರ. ನಾವು ನೋಡಬೇಕಾದದ್ದು ಎರಡನೆಯದು. 3 ಕೆವಿಎ ಎಂದಿದ್ದರೆ ಸುಮಾರು 2,400 ವಾಟ್ ಎಂದು ಹಿಡಿದು ಲೆಕ್ಕ ಹಾಕಿ. ಮನೆಯ ಆರು ಎಲ್‌ಇಡಿ ಬಲ್ಬು, ಒಂದೊಂದು 9 ವಾಟ್‌ನದಾದರೆ ಒಟ್ಟು 54. ಎರಡು ಫ್ಯಾನು 150. ಟಿವಿ 80 ಇದ್ದೀತು. ಇಷ್ಟಕ್ಕೆ 300 ವಾಟ್ ಕೂಡ ಆಗಲಿಲ್ಲ. ತೊಂದರೆ ಬರುವುದು ಮೋಟಾರಿನಿಂದ. ಒಂದು ಎಚ್‌ಪಿ ಮೋಟಾರು ಓಡುವಾಗ ಸುಮಾರು 1,000 ವಾಟ್ ಎಳೆಯುತ್ತದೆ, ಆದರೆ ಏಳುವಾಗ ಕ್ಷಣಹೊತ್ತು ಅದರ ಮೂರು ನಾಲ್ಕು ಪಟ್ಟು ಕೇಳುತ್ತದೆ. ಭಾರದ ಗಾಡಿಯನ್ನು ಹೊರಡಿಸುವಾಗ ಎತ್ತು ಮುಗ್ಗರಿಸಿ ಎಳೆಯುತ್ತದಲ್ಲವೆ, ಹಾಗೆ. ಆದ್ದರಿಂದ 3 ಕೆವಿಎ ಯಂತ್ರಕ್ಕೆ ಅರ್ಧ ಎಚ್‌ಪಿ ಮೋಟಾರು ಹಗುರ, ಒಂದು ಎಚ್‌ಪಿ ಕಷ್ಟ, ಎರಡು ಎಚ್‌ಪಿ ಮೇವು ಕತ್ತರಿಸುವ ಯಂತ್ರ ಆಗದ ಮಾತು. ತೋಟದ ಐದು ಎಚ್‌ಪಿ, ಏಳೂವರೆ ಎಚ್‌ಪಿ ಪಂಪ್‌ಸೆಟ್ಟು ಮೂರು ಫೇಸಿನದು. ಅದನ್ನು ಇದಕ್ಕೆ ಸೇರಿಸುವ ಯೋಚನೆಯನ್ನೇ ಬಿಡಿ.

ಒಂದು ಮಾತು ಹೇಳಿಬಿಡುತ್ತೇನೆ. ನಿಮಗೆ ಬೇಕಾದದ್ದು ನಾಲ್ಕು ದೀಪ, ಎರಡು ಫ್ಯಾನು, ಮೊಬೈಲ್ ಚಾರ್ಜು ಇಷ್ಟೇ ಆದರೆ ಜನರೇಟರು ಬೇಡವೇ ಬೇಡ. ಬ್ಯಾಟರಿಯ ಇನ್ವರ್ಟರು ಸಾಕು. ಹೊಗೆಯಿಲ್ಲ, ಸದ್ದಿಲ್ಲ, ಪೆಟ್ರೋಲ್ ಖರ್ಚಿಲ್ಲ. ನೀರೆತ್ತಬೇಕು, ಹಾಲು ಕರೆಯುವ ಯಂತ್ರ ಓಡಬೇಕು, ಕೋಳಿಮರಿಗೆ ಕಾವು ಬೇಕು, ಕರೆಂಟು ದಿನಗಟ್ಟಲೆ ಬರುವಂತಿಲ್ಲ ಅನ್ನುವವರಿಗೆ ಮಾತ್ರ ಈ ಯಂತ್ರ.

ಈಗ ಇಡುವ ಜಾಗ. ಇದನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು.

ಪೆಟ್ರೋಲ್ ಉರಿದಾಗ ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಒಂದು ವಿಷಗಾಳಿ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲು ಕೆರೆಯುವುದೂ ಇಲ್ಲ. ಹೊಗೆಯ ವಾಸನೆ ಇಲ್ಲವಲ್ಲ, ಆದ್ದರಿಂದ ಅಪಾಯವಿಲ್ಲ ಎಂದುಕೊಳ್ಳುವಂತಿಲ್ಲ. ನಮ್ಮ ರಕ್ತ ಪ್ರಾಣವಾಯುವಿಗಿಂತ ಸುಮಾರು 200 ಪಟ್ಟು ಬಿಗಿಯಾಗಿ ಈ ವಿಷವನ್ನು ಹಿಡಿದುಕೊಳ್ಳುತ್ತದೆ. ಒಮ್ಮೆ ಹಿಡಿಯಿತೆಂದರೆ ಪ್ರಾಣವಾಯುವಿಗೆ ಜಾಗವೇ ಇಲ್ಲ. ಮೊದಲು ತಲೆನೋವು, ತಲೆಸುತ್ತು, ವಾಂತಿ, ಕೈಕಾಲು ಸೋಲು, ಆಮೇಲೆ ಮಂಪರು. ನಿದ್ದೆಯಲ್ಲಿರುವವರಿಗೆ ಇದ್ಯಾವುದೂ ತಿಳಿಯುವುದೇ ಇಲ್ಲ, ಮಲಗಿದವರು ಮಲಗಿದಂತೆಯೇ ಹೋಗಿಬಿಡುತ್ತಾರೆ.

ಆದಕಾರಣ ಯಂತ್ರವನ್ನು ಮನೆಯೊಳಗೆ ಎಂದಿಗೂ ಓಡಿಸತಕ್ಕದ್ದಲ್ಲ. ಮನೆಯೊಳಗೆ ಅಂದರೆ ನಡುಮನೆ ಮಾತ್ರವಲ್ಲ. ಜಗಲಿಯೂ ಒಳಗೇ, ಕೊಟ್ಟಿಗೆಯೂ ಒಳಗೇ, ಪಂಪಿನ ಮನೆಯೂ ಒಳಗೇ. ನಮ್ಮ ಕಡೆ ಹಳೆಯ ತೊಟ್ಟಿಮನೆಗಳಿವೆ. ತೊಟ್ಟಿ ಮೇಲಕ್ಕೆ ತೆರೆದಿದೆ, ಗಾಳಿ ಆಡುತ್ತದೆ, ಅಲ್ಲೇ ಇಟ್ಟರಾಯಿತು ಎನ್ನುವವರಿದ್ದಾರೆ. ಇದು ದೊಡ್ಡ ತಪ್ಪು ತಿಳಿವಳಿಕೆ. ನಾಲ್ಕು ಕಡೆ ಗೋಡೆಯಿರುವ ತೊಟ್ಟಿಯಲ್ಲಿ ಹೊಗೆ ಮೇಲಕ್ಕೆ ಹೋಗುವಷ್ಟೇ ಸುತ್ತಿ ಸುತ್ತಿ ಪಡಸಾಲೆಗೂ ನುಗ್ಗುತ್ತದೆ, ಅಲ್ಲೇ ನಮ್ಮ ಮುದುಕರು ಮಕ್ಕಳು ಮಲಗಿರುವುದು. ಕಿಟಕಿ ಬಾಗಿಲು ತೆಗೆದಿಟ್ಟರೆ ಸಾಕೇ ಎಂದರೆ, ಸಾಲದು.

ಮನೆಯಿಂದ ಕನಿಷ್ಠ 20 ಅಡಿ ದೂರ, ತೆರೆದ ಅಂಗಳದಲ್ಲಿ ಅಥವಾ ಹಿತ್ತಲಿನಲ್ಲಿ ಇಡಿ. ಹೊಗೆ ಕೊಳವೆಯ ಬಾಯಿ ನಿಮ್ಮ ಮನೆಯ ಕಡೆಗೂ ಇರಬಾರದು, ನೆರೆಮನೆಯ ಕಿಟಕಿಯ ಕಡೆಗೂ ಇರಬಾರದು. ನೆರೆಯವರ ವಿಚಾರ ಹೇಳಬೇಕಾದದ್ದು ಯಾಕೆಂದರೆ ನಮ್ಮ ಬೀದಿಗಳಲ್ಲಿ ಗೋಡೆಗೆ ಗೋಡೆ ತಾಗಿಯೇ ಮನೆಗಳಿರುತ್ತವೆ. ಜಾಗವಿಲ್ಲದಿದ್ದರೆ ಯಂತ್ರ ಕೊಳ್ಳುವ ಮೊದಲೇ ಆ ಯೋಚನೆ ಮಾಡಬೇಕು. ರೇಷ್ಮೆಮನೆಯ ಪಕ್ಕದಲ್ಲಿಯೂ ಬೇಡ. ಹುಳುವಿನ ಮನೆಗೆ ಹೊಗೆ ತಾಗಿಸಬಾರದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಮಳೆಗೆ ಏನು ಮಾಡುವುದು? ನಾಲ್ಕು ಕಂಬ ನೆಟ್ಟು ಮೇಲೆ ಒಂದು ತಗಡು ಹಾಕಿ, ನಾಲ್ಕು ಬದಿಯೂ ತೆರೆದಿರಲಿ. ಟಾರ್ಪಾಲು ಹೊದಿಸಿ ಓಡಿಸಬಾರದು, ಯಂತ್ರ ಬೆಂದು ಹೋಗುತ್ತದೆ, ಬೆಂಕಿಯೂ ಹತ್ತೀತು. ಕೆಳಗೆ ಒಂದು ಅಡಿ ಎತ್ತರದ ಸಮತಟ್ಟಾದ ಕಲ್ಲುಕಟ್ಟೆ ಇರಲಿ. ಯಂತ್ರ ವಾಲಿ ನಿಂತರೆ ಒಳಗಿನ ಎಣ್ಣೆ ಒಂದು ಕಡೆ ಸೇರುತ್ತದೆ. ಎಣ್ಣೆ ಕಡಿಮೆಯಾದರೆ ತಾನೇ ನಿಲ್ಲುವ ಏರ್ಪಾಡು ಇರುವ ಯಂತ್ರವಾದರೆ, ಎಣ್ಣೆ ಇದ್ದರೂ ಹೊತ್ತದೆ ಸತಾಯಿಸುತ್ತದೆ.

ಯಂತ್ರ ಓಡುವಾಗ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೆ ತಲೆನೋವು, ವಾಂತಿ ಬಂದರೆ ಅದು ಊಟದ ದೋಷ ಎಂದು ಕಷಾಯ ಕಾಯಿಸುತ್ತಾ ಕೂರಬೇಡಿ. ಮೊದಲು ಎಲ್ಲರನ್ನೂ ಬಯಲಿಗೆ ಕರೆತನ್ನಿ, ಆಮೇಲೆ ಯಂತ್ರ ನಿಲ್ಲಿಸಿ, 108ಕ್ಕೆ ಫೋನು ಮಾಡಿ. ಒಳಗೆ ಯಾರಾದರೂ ಎಚ್ಚರ ತಪ್ಪಿ ಬಿದ್ದಿದ್ದರೆ ಎಳೆದುಕೊಂಡು ಬರಬೇಕು, ಆದರೆ ಬಾಗಿಲು ತೆರೆದು, ಉಸಿರು ಹಿಡಿದು, ಬೇಗ.

ಜಾಗದ ಮಾತು ಆಯಿತು. ಇನ್ನು ಮನೆಗೆ ಸೇರಿಸುವ ಮಾತು.

ಹಳ್ಳಿಗಳಲ್ಲಿ ಒಂದು ಕೆಟ್ಟ ಪದ್ಧತಿ ಇದೆ. ಎರಡು ತುದಿಯಲ್ಲೂ ಪಿನ್ನಿರುವ ಒಂದು ವೈರು ಮಾಡಿಕೊಂಡು, ಒಂದು ತುದಿಯನ್ನು ಜನರೇಟರಿಗೂ ಇನ್ನೊಂದು ತುದಿಯನ್ನು ಮನೆಯ ಗೋಡೆಯ ಸಾಕೆಟ್ಟಿಗೂ ಚುಚ್ಚುವುದು. ಮನೆಯೆಲ್ಲ ಬೆಳಗುತ್ತದೆ, ಸುಲಭ, ಖರ್ಚಿಲ್ಲ. ಆದರೆ ಹೇಗೆ ಕರೆಂಟು ಕಂಬದಿಂದ ಮನೆಗೆ ಬರುತ್ತದೋ ಅದೇ ದಾರಿಯಲ್ಲಿ ಈಗ ಮನೆಯಿಂದ ಕಂಬಕ್ಕೆ ಹೋಗುತ್ತದೆ. ಅಲ್ಲಿಂದ ಟ್ರಾನ್ಸ್‌ಫಾರ್ಮರಿಗೆ. ಟ್ರಾನ್ಸ್‌ಫಾರ್ಮರು 11,000 ವೋಲ್ಟನ್ನು ನಮಗೆ ತಗ್ಗಿಸಿ ಕೊಡುತ್ತದಲ್ಲ, ಹಿಂದಿನಿಂದ ಕೊಟ್ಟರೆ ಅದೇ ಪ್ರಮಾಣದಲ್ಲಿ ಏರಿಸುತ್ತದೆ. ಲೈನು ಸತ್ತಿದೆ ಎಂದು ನಂಬಿ ತಂತಿ ಮುಟ್ಟಿದ ಲೈನ್‌ಮನ್‌ನ ಗತಿ ಏನು? ಇಡೀ ಊರಿನ ಭಾರ ಬಿದ್ದು ಪುಟ್ಟ ಯಂತ್ರ ಕೆಮ್ಮಿ ನಿಂತುಬಿಡುತ್ತದೆ, ಏನೂ ಆಗುವುದಿಲ್ಲ ಎಂದು ವಾದಿಸುವವರಿದ್ದಾರೆ. ಎಷ್ಟೋ ಸಲ ಹಾಗೆ ನಿಲ್ಲುವುದೂ ನಿಜ. ಆದರೆ ಮರ ಬಿದ್ದು ತಂತಿ ತುಂಡಾಗಿ, ನಿಮ್ಮ ಮನೆ ಮತ್ತು ಎರಡು ಕಂಬ ಮಾತ್ರ ಬೇರೆಯಾಗಿ ನಿಂತಿದ್ದರೆ? ಆಗ ಯಂತ್ರ ನಿಲ್ಲುವುದಿಲ್ಲ, ಮತ್ತು ಸರಿಯಾಗಿ ಆ ಎರಡು ಕಂಬದ ಮೇಲೆಯೇ ಮನುಷ್ಯ ಕೆಲಸ ಮಾಡುತ್ತಿರುತ್ತಾನೆ. ಅವನೂ ಯಾವುದೋ ಊರಿನ ರೈತನ ಮಗ. ಇನ್ನೂ ಒಂದು, ಆ ವೈರಿನ ಒಂದು ತುದಿ ಕಳಚಿ ಬಿದ್ದರೆ ಆ ತೆರೆದ ಪಿನ್ನಿನಲ್ಲಿ 230 ವೋಲ್ಟ್ ಇರುತ್ತದೆ. ಆಡುವ ಮಗುವಿನ ಕೈಗೆ ಸಿಕ್ಕರೆ ಕೇಳಬೇಕೆ.

ಸರಿಯಾದ ಕ್ರಮ ಎರಡು. ಹಗುರವಾದ ಕ್ರಮ ಏನೆಂದರೆ, ಮನೆಯ ವೈರಿಗೆ ಸೇರಿಸದೆ ಜನರೇಟರಿನಿಂದ ನೇರವಾಗಿ ಒಂದು ಗಟ್ಟಿಯಾದ, ಮೂರು ಎಳೆಯ, 2.5 ಚದರ ಮಿಲಿಮೀಟರ್ ತಾಮ್ರದ ವೈರು ತಂದು, ಅದರ ತುದಿಯ ಬೋರ್ಡಿಗೆ ಬೇಕಾದ ಸಾಮಾನು ಹಾಕಿಕೊಳ್ಳುವುದು. ವೈರನ್ನು ಸುರುಳಿ ಸುತ್ತಿಟ್ಟು ಉಪಯೋಗಿಸಬೇಡಿ, ಸುರುಳಿಯಲ್ಲಿ ಕಾವು ಕಟ್ಟಿ ಮೇಲಿನ ಹೊದಿಕೆ ಕರಗುತ್ತದೆ. ಕಾಯಂ ಕ್ರಮ ಏನೆಂದರೆ, ಮೀಟರಿನ ನಂತರ ಒಂದು ಚೇಂಜ್‌ಓವರ್ ಸ್ವಿಚ್ಚು ಹಾಕಿಸುವುದು. ಅದರ ಹಿಡಿ ಒಂದು ಕಡೆಗಿದ್ದರೆ ಕಂಬದ ಕರೆಂಟು, ನಡುವೆ ಇದ್ದರೆ ಎರಡೂ ಇಲ್ಲ, ಇನ್ನೊಂದು ಕಡೆಗಿದ್ದರೆ ಜನರೇಟರು. ಎರಡೂ ಒಟ್ಟಿಗೆ ಸೇರುವ ದಾರಿಯೇ ಇಲ್ಲ. ಫೇಸು, ನ್ಯೂಟ್ರಲ್ ಎರಡನ್ನೂ ಕಡಿಯುವ ಎರಡು ಪೋಲಿನ ಸ್ವಿಚ್ಚನ್ನೇ ಕೇಳಿ ಹಾಕಿಸಿ. ಈ ಕೆಲಸ ಪರವಾನಗಿ ಇರುವ ವೈರ್‌ಮನ್‌ನದು. ಹೆಂಚು ಹಾಕುವುದು, ಕಳೆ ಕೀಳುವುದು ನಾವೇ ಮಾಡಿಕೊಳ್ಳಬಹುದು, ಇದನ್ನಲ್ಲ.

ಭೂಸಂಪರ್ಕ, ಅಂದರೆ ಅರ್ತಿಂಗನ್ನೂ ಅವರಿಂದಲೇ ಮಾಡಿಸಬೇಕು. ಬೋರ್ಡಿನಲ್ಲಿ ಆರ್‌ಸಿಸಿಬಿ ಎಂಬ ಷಾಕು ತಡೆಯುವ ಸ್ವಿಚ್ಚು ಇರುವವರು ಒಂದು ಸಂಗತಿ ತಿಳಿದಿರಬೇಕು. ಅದರ ಮೇಲಿನ ಪರೀಕ್ಷೆಯ ಗುಂಡಿ ಒತ್ತಿದರೆ ಟಕ್ ಎಂದು ಬೀಳುತ್ತದೆ, ನಮ್ಮ ಅರ್ತಿಂಗು ಚೆನ್ನಾಗಿದೆ ಎಂದು ಸಂತೋಷಪಡುತ್ತೇವೆ. ಹಾಗಲ್ಲ. ಆ ಗುಂಡಿ ಅರ್ತಿಂಗ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ, ಸ್ವಿಚ್ಚಿನ ಒಳಗಿನ ಯಂತ್ರ ಜೀವಂತವಾಗಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಅಲ್ಲದೆ ಸಣ್ಣ ಜನರೇಟರುಗಳಲ್ಲಿ ನ್ಯೂಟ್ರಲ್ಲನ್ನು ಎಷ್ಟೋ ಸಲ ಭೂಮಿಗೆ ಸೇರಿಸಿರುವುದಿಲ್ಲ; ಆಗ ಷಾಕು ಹೊಡೆದರೂ ಆ ಸ್ವಿಚ್ಚು ಬೀಳದೆ ಇರಬಹುದು. ಜನರೇಟರು ಓಡುವಾಗಲೂ ಇದು ಬೀಳುತ್ತದೆಯೇ, ಹೇಗೆ ಜೋಡಿಸಿದ್ದೀಯಪ್ಪ ಎಂದು ವೈರ್‌ಮನ್‌ನನ್ನು ಕೇಳಿ, ತೋರಿಸುವ ತನಕ ಕೂಲಿ ಕೊಡಬೇಡಿ.

ಇಷ್ಟಾದ ಮೇಲೆ ಪರೀಕ್ಷೆ. ಹೊಸ ಯಂತ್ರವನ್ನು ಸಾಮಾನ್ಯವಾಗಿ ಎಂಜಿನ್ ಎಣ್ಣೆ ಇಲ್ಲದೆಯೇ ಪೆಟ್ಟಿಗೆಯಲ್ಲಿ ಕಳುಹಿಸುತ್ತಾರೆ. ಎಣ್ಣೆ ಹಾಕದೆ ಓಡಿಸಿದರೆ ಕೆಲವೇ ನಿಮಿಷದಲ್ಲಿ ಎಂಜಿನ್ ಹಿಡಿದುಕೊಳ್ಳುತ್ತದೆ, ಅಷ್ಟೂ ದುಡ್ಡು ಹೊಳೆಗೆ ಸುರಿದಂತೆ. ಯಂತ್ರದ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನು ಅಳತೆಕಡ್ಡಿಯ ಮೇಲಿನ ಗೆರೆಯ ತನಕ ಹಾಕಿ. ಪೆಟ್ರೋಲನ್ನು ಟ್ಯಾಂಕಿನ ಕತ್ತಿನವರೆಗೆ ತುಂಬದೆ ಸ್ವಲ್ಪ ಜಾಗ ಬಿಡಿ.

ಮೊದಲ ಸಲ ಬರಿದೇ ಓಡಿಸಬೇಕು, ಯಾವ ವೈರೂ ಬೇಡ. ಪೆಟ್ರೋಲ್ ನಲ್ಲಿ ತೆರೆದು, ಚೋಕ್ ಎಳೆದು, ಸ್ವಿಚ್ಚು ಹಾಕಿ, ಹಗ್ಗವನ್ನು ಮೆತ್ತಗೆ ಬಿಗಿ ಸಿಗುವ ತನಕ ತಂದು ಆಮೇಲೆ ಜಗ್ಗಿ ಎಳೆಯಿರಿ. ಹೊತ್ತಿದ ಮೇಲೆ ಚೋಕ್ ಒಳಗೆ ತಳ್ಳಿ, ಐದು ನಿಮಿಷ ಕಾಯಿಸಿ. ಈಗ ಸಾಕೆಟ್ಟಿನ ವೋಲ್ಟ್ ಅಳೆಯಬೇಕು. ಅಳೆಯುವ ಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಊರಿಗೊಂದಿದ್ದರೂ ಸಾಕು. ಅಳೆಯುವ ಅಭ್ಯಾಸವಿಲ್ಲದವರು ವೈರ್‌ಮನ್ ಇದ್ದಾಗಲೇ ಮಾಡಿಸಿ ನೋಡಿ ಕಲಿಯಿರಿ. ಬರಿದೇ ಓಡುವಾಗ 230ರಿಂದ 240ರ ಆಸುಪಾಸು ತೋರಿಸಬೇಕು. 260, 270 ತೋರಿಸಿದರೆ ಅದಕ್ಕೆ ಟಿವಿ ಗಿವಿ ಹಾಕಲೇಬೇಡಿ, ಅಂಗಡಿಗೆ ವಾಪಸು ಒಯ್ಯಿರಿ.

ಆಮೇಲೆ ಭಾರ ಹಾಕುವುದು. ದೊಡ್ಡ ಮೋಟಾರು ಮೊದಲು, ಸಣ್ಣ ಸಾಮಾನು ನಂತರ, ಒಂದೊಂದಾಗಿ. ಒಂದೊಂದು ಹಾಕಿದಾಗಲೂ ಎಂಜಿನಿನ ಸದ್ದು ಕೇಳಿ. ಒಮ್ಮೆ ತಗ್ಗಿ ಮತ್ತೆ ಎದ್ದು ನಿಂತರೆ ಸರಿ. ತಗ್ಗಿದ್ದು ಮೇಲೇಳದೆ ಗೊಣಗುತ್ತಲೇ ಇದ್ದರೆ ಭಾರ ಹೆಚ್ಚಾಯಿತು. ಭಾರದ ಮೇಲೆ ವೋಲ್ಟ್ 210ಕ್ಕಿಂತ ಕೆಳಗೆ ಇಳಿಯಬಾರದು. ಕಡಿಮೆ ವೋಲ್ಟಿನಲ್ಲಿ ಮೋಟಾರಿನ ಸುರುಳಿ ಸುಟ್ಟುಹೋಗುತ್ತದೆ. ಅರ್ಧಕ್ಕಿಂತ ಹೆಚ್ಚು ಭಾರ ಹಾಕಿ ಅರ್ಧ ಗಂಟೆ ಓಡಿಸಿ, ಪಿನ್ನು ವೈರುಗಳನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಬಿಸಿ ಇದ್ದರೆ ವೈರು ಸಣ್ಣದಾಯಿತು ಅಥವಾ ಜೋಡಣೆ ಸಡಿಲ. ನಿಲ್ಲಿಸುವಾಗ ಭಾರ ತೆಗೆದು, ಮೂರು ನಿಮಿಷ ಬರಿದೇ ಓಡಿಸಿ, ಆಮೇಲೆ ಆರಿಸಿ.

ಚೇಂಜ್‌ಓವರ್ ಸ್ವಿಚ್ಚಿಗೂ ಒಂದು ಪರೀಕ್ಷೆ ಉಂಟು, ಇದನ್ನು ಮರೆಯಬಾರದು. ಊರಲ್ಲಿ ಕರೆಂಟಿಲ್ಲದ ಹೊತ್ತು ನೋಡಿ ಜನರೇಟರಿನಿಂದ ಮನೆ ಬೆಳಗಿಸಿ, ಹೊರಗೆ ಹೋಗಿ ನಿಮ್ಮ ಮೀಟರನ್ನು ನೋಡಿ. ಮೀಟರಿನ ಕೆಂಪು ಕಣ್ಣು ಮಿಣುಕಬಾರದು. ಮಿಣುಕಿತೆಂದರೆ ನಿಮ್ಮ ಕರೆಂಟು ಮೀಟರು ದಾಟಿ ಹೊರಗೆ ಹೋಗುತ್ತಿದೆ. ಆ ಕ್ಷಣವೇ ಯಂತ್ರ ಆರಿಸಿ ವೈರ್‌ಮನ್‌ಗೆ ಹೇಳಿ ಕಳುಹಿಸಿ.

ಇದಿಷ್ಟನ್ನೂ ತಿಂಗಳಿಗೊಮ್ಮೆ, ಅಮಾವಾಸ್ಯೆಯೋ ಸಂತೆಯ ದಿನವೋ ನೆನಪಿಗೆ ಒಂದು ಗುರುತಿಟ್ಟುಕೊಂಡು, ಕಾಲು ಗಂಟೆ ಭಾರ ಹಾಕಿ ಓಡಿಸಬೇಕು. ಗಂಡಸರು ಮಾತ್ರ ಕಲಿತರೆ ಪ್ರಯೋಜನವಿಲ್ಲ. ಯಜಮಾನರು ಮೈಸೂರಿಗೆ ಹೋದ ದಿನವೇ ಮರ ಬೀಳುತ್ತದೆ. ಮನೆಯ ಹೆಂಗಸರೂ ದೊಡ್ಡ ಮಕ್ಕಳೂ ಒಂದೊಂದು ಸಲ ತಮ್ಮ ಕೈಯಾರೆ ಸ್ವಿಚ್ಚು ತಿರುಗಿಸಿ, ಹೊತ್ತಿಸಿ, ಆರಿಸಿ ನೋಡಿರಬೇಕು. ಓಡಿದ ಗಂಟೆಯ ಲೆಕ್ಕವನ್ನು ಡೈರಿಯ ಹಾಲಿನ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡಿ. ಹೊಸ ಯಂತ್ರಕ್ಕೆ ಸುಮಾರು 20 ಗಂಟೆಗೆ ಮೊದಲ ಎಣ್ಣೆ ಬದಲಾಯಿಸಬೇಕು, ಆಮೇಲೆ ಪುಸ್ತಕದಲ್ಲಿ ಹೇಳಿದಂತೆ, ಹೆಚ್ಚೆಂದರೆ 100 ಗಂಟೆಗೊಮ್ಮೆ.

ನದಿದಡದ ಊರಿನವರಿಗೆ ಒಂದು ಮಾತು. ನೆರೆ ಬಂದು ಇಳಿದ ಮನೆಯಲ್ಲಿ ಸಾಕೆಟ್ಟು, ಬೋರ್ಡು ನೀರಲ್ಲಿ ಮುಳುಗಿದ್ದರೆ, ಅವು ಒಣಗಿ ವೈರ್‌ಮನ್ ನೋಡುವ ತನಕ ಆ ಮನೆಯ ವೈರಿಗೆ ಜನರೇಟರು ಕೊಡಬೇಡಿ. ಅಷ್ಟು ದಿನ ಹೊರಗಿನ ವೈರಿನಿಂದ ಒಂದು ದೀಪ ಸಾಕು. ಒದ್ದೆ ಕೈಯಲ್ಲಿ, ನೀರು ನಿಂತ ನೆಲದಲ್ಲಿ ನಿಂತು ಯಂತ್ರ ಮುಟ್ಟಬೇಡಿ. ತಂತಿ ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ 1912ಕ್ಕೆ ತಿಳಿಸಿ. ಜೊತೆಗೆ, ನಮ್ಮ ಮನೆಯಲ್ಲಿ ಜನರೇಟರು ಓಡುತ್ತಿದೆ ಎಂದೂ ಲೈನ್‌ಮನ್‌ಗೆ ಬಾಯಿಬಿಟ್ಟು ಹೇಳಿ.

ಕೊನೆಗೆ ಪೆಟ್ರೋಲಿನ ವಿಚಾರ. ಓಡುತ್ತಿರುವಾಗ, ಬಿಸಿಯಿರುವಾಗ ಪೆಟ್ರೋಲ್ ಹುಯ್ಯಬಾರದು. ಆರಿಸಿ ಕಾಲು ಗಂಟೆ ಬಿಟ್ಟು, ಬೀಡಿ ದೂರ ಇಟ್ಟು ಹುಯ್ಯಿರಿ. ಮನೆಯೊಳಗೆ, ಅದರಲ್ಲೂ ಒಲೆಯ ಹತ್ತಿರ ಪೆಟ್ರೋಲ್ ಇಡಬೇಡಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುವುದರಿಂದ ಗಾಳಿಯ ತೇವ ಹೀರಿ ಬೇಗ ಹಳತಾಗುತ್ತದೆ. ಎರಡು ತಿಂಗಳು ಟ್ಯಾಂಕಿನಲ್ಲೇ ಬಿಟ್ಟರೆ ಕಾರ್ಬುರೇಟರಿನಲ್ಲಿ ಅಂಟು ಕಟ್ಟಿ, ಬೇಕಾದ ದಿನ ಎಷ್ಟು ಎಳೆದರೂ ಹೊತ್ತುವುದಿಲ್ಲ. ಆದ್ದರಿಂದ ತಿಂಗಳ ಪರೀಕ್ಷೆ ಮುಗಿಸುವಾಗ ನಲ್ಲಿ ಕಟ್ಟಿ, ಯಂತ್ರ ತಾನಾಗಿ ಆರುವ ತನಕ ಓಡಿಸಿ. ಕಾರ್ಬುರೇಟರಿನಲ್ಲಿ ಉಳಿದದ್ದು ಉರಿದು ಹೋಗುತ್ತದೆ. ಟ್ಯಾಂಕಿನಲ್ಲಿರುವುದನ್ನು ಮೋಟಾರ್ ಸೈಕಲ್ಲಿಗೆ ಸುರಿದುಕೊಳ್ಳಿ, ಮಳೆಗಾಲ ಹತ್ತಿರ ಬಂದಾಗ ಹೊಸದು ತುಂಬಿ.